ಏನನ್ನೂ ಮುಟ್ಟದವನು

ಈ ಊರಲ್ಲಿ ಗಾಳಿಗೊಂದು ಹೆಸರಿದೆ: ಬೋರಾ.
ಬೆಟ್ಟ ಇಳಿದು ಕಡಲಿಗೆ ಹಾರುವ ಅದು ಬೀಸಿದ ದಿನ
ತ್ರಿಯೆಸ್ತೆಯ ಇಳಿಜಾರು ಬೀದಿಗಳಲ್ಲಿ ಹಿಂದೆ
ಹಗ್ಗ ಕಟ್ಟುತ್ತಿದ್ದರು, ಜನ ಹಿಡಿದು ನಡೆಯಲಿಕ್ಕೆ.
ಅಜ್ಜಿ ಅಂಗೈ ಚಾಚಿ ಹೇಳುತ್ತಿದ್ದಳು:
ಇದು ಅದೃಷ್ಟದ ಗೆರೆಯಲ್ಲ ನೀವೆಸ್, ಹಗ್ಗದ್ದು.

ಅಂಥ ಊರಲ್ಲಿ ಇಪ್ಪತ್ತೆರಡು ವರ್ಷ
ಕಿಟಕಿ ಮುಚ್ಚಿಕೊಂಡೇ ಕೆಲಸ ಮಾಡಿದೆವು.

ನಾನು ಹಲ್ಲಿನ ಡಾಕ್ಟರ ಎಡಕ್ಕೆ ನಿಲ್ಲುವವಳು,
ಕೈಯಲ್ಲಿ ಹೀರುಕೊಳವೆ.
ಟರ್ಬೈನ್ ಕಿರುಚುತ್ತದೆ, ನೀರು ಚಿಮ್ಮುತ್ತದೆ,
ನೀರಿನೊಂದಿಗೆ ಎಂಜಲು, ಹಲ್ಲಿನ ಹಿಟ್ಟು, ಒಂದೆಳೆ ರಕ್ತ,
ಬೆಳಿಗ್ಗೆ ಕುಡಿದ ಕಾಫಿಯ ಕರೆ,
ಎಲ್ಲ ಕಲೆತು ಬಾಯಿಯ ಮೇಲೊಂದು ಮರಿಮೋಡ.
ಮೋಡವೆಂದ ಮೇಲೆ ಬಿದ್ದೇ ಬೀಳುತ್ತದೆಂದು
ಬೀಳುವಲ್ಲೆಲ್ಲ ಒರೆಸಿದೆವು:
ಕುರ್ಚಿಯ ತೋಳು, ದೀಪದ ಹಿಡಿ, ನಲ್ಲಿ, ಚಿಲಕ,
ರೋಗಿ ಸಹಿ ಹಾಕಿದ ಪೆನ್ನು.
ಆ ವಸಂತದಲ್ಲಿ ಪೆನ್ನುಗಳನ್ನೇ ಎಸೆದೆವು.
ಸ್ಪಿರಿಟ್ಟಿಗೆ ಬೆರಳ ತುದಿ ಸವೆದು
ನನ್ನ ಫೋನು ನನ್ನ ಗುರುತು ಹಿಡಿಯದಾಯಿತು.

ಪಕ್ಕದ ಕೋಣೆಯಲ್ಲಿ ಎಜಿದಿಯೊ, ಲೆಕ್ಕದವನು.
ರೋಗ ಬರುವ ಮೊದಲೇ ಅವನದು ದೊಡ್ಡ ಮಡಿ:
ಬಾಗಿಲಿಗೆ ಮೊಣಕೈ, ನಾಣ್ಯಕ್ಕೆ ಕರವಸ್ತ್ರ,
ಹಬ್ಬಕ್ಕೂ ಕೈ ಕುಲುಕದವನು.
ಬಾಯಿ ತೆರೆದ ಮನುಷ್ಯನನ್ನು ಕಂಡರೆ
ಗೋಡೆ ಕಡೆ ತಿರುಗುತ್ತಿದ್ದ.

ನಮ್ಮಲ್ಲಿ ಮೊದಲು ಮಲಗಿದವನು ಅವನೇ.

ಏನನ್ನೂ ಮುಟ್ಟದವನು, ಅಂದರು ಡಾಕ್ಟರ್ ಫುಲ್ವಿಯಾ.
ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಂದರು.
ಆ ಸಂಜೆ ಖಾಲಿ ಕ್ಲಿನಿಕ್ಕಿನಲ್ಲಿ
ಬೆಂಕಿಕಡ್ಡಿ ಗೀರಿ, ಊದಿ ಆರಿಸಿ,
ನಡುಬಾಗಿಲ ತಳದ ಎರಡು ಬೆರಳ ಸಂದಿಗೆ ಹಿಡಿದರು.
ಹೊಗೆ ಯಾರನ್ನೂ ದಾರಿ ಕೇಳಲಿಲ್ಲ.
ಹಾವಿನ ಹಾಗೆ ಒಳಗೆ ಸರಿದು
ಅವನ ಕುರ್ಚಿಯ ಮೇಲೆ ಹೆಡೆಯೆತ್ತಿ
ಅಲ್ಲೇ ತೂಗುತ್ತ ನಿಂತಿತು.
ಬೀಳಲಿಲ್ಲ. ಹೋಗಲೂ ಇಲ್ಲ.
ಮೇಲೆ ನೋಡಿದರೆ ಗೋಡೆಯ ಗಾಳಿಗಂಡಿಗೆ
ನಾಲ್ಕೂ ಅಂಚಿಗೆ ಟೇಪು:
ಬೋರಾ ನುಗ್ಗಿ ರಸೀದಿ ಹಾರುತ್ತವೆಂದು
ಅವನೇ, ಅಚ್ಚುಕಟ್ಟಾಗಿ, ಅಂಟಿಸಿದ್ದು.

ಟೇಪು ಕಿತ್ತವಳು ನಾನು. ಬಣ್ಣವೂ ಎದ್ದು ಬಂತು.

ಆಮೇಲೆ ಬಂದವು: ಮೂಲೆಯಲ್ಲಿ ಗೊರಗುಡುವ ಯಂತ್ರ,
ಹಲ್ಲಿನ ಸುತ್ತ ರಬ್ಬರು ಹಾಳೆ, ನನ್ನ ಕೊಳವೆಗೆ ಅಗಲ ಬಾಯಿ,
ಮೂಗಿಗೆ ಬಿಗಿಯುವ ಮಾಸ್ಕು, ಕಿವಿಯ ಹಿಂದೆ ಹುಣ್ಣು,
ಉಸಿರೆಷ್ಟು ಹಳತಾಯಿತೆಂದು ಹೇಳುವ ಪುಟ್ಟ ಮೀಟರು.
ಒಬ್ಬರೆದ್ದು ಇನ್ನೊಬ್ಬರು ಕೂರುವ ನಡುವೆ
ಕುರ್ಚಿಗೂ ವಿರಾಮ. ಕಿಟಕಿ ಹಾರುಹೊಡೆದು.
ಸಿನ್ಯೋರಾ ವಾಂದಾ ತುಪ್ಪಳದ ಕೋಟಿನಲ್ಲೇ ಮಲಗಿ
ಹಲ್ಲು ಕೀಳಿಸಲು ಬಂದೆ,
ಹಲ್ಲು ಕಟಕಟಿಸಲಲ್ಲ ಎಂದು ಬೈದರು.
ಗಾಳಿ ಬಂದಾಗ ತೂರಿಕೊಳ್ಳಬೇಕು, ಸಿನ್ಯೋರಾ.

ನವೆಂಬರಿನಲ್ಲಿ ಎಜಿದಿಯೊ ಬಂದ.
ಇಪ್ಪತ್ತಾರು ಮೆಟ್ಟಿಲು, ಮೂರು ಕಡೆ ನಿಂತ.
ವಾಕ್ಯದ ನಡುವೆಯೂ ಈಗ ಹಾಗೆ ನಿಲ್ಲುತ್ತಾನೆ,
ಕೂಡಿಸುವಾಗ ದಶಕ ಮರೆತವನಂತೆ.
ಲೆಕ್ಕಕ್ಕಲ್ಲ ಬಂದದ್ದು. ದವಡೆ ಹಲ್ಲು ಒಡೆದಿತ್ತು.

ಊರಲ್ಲಿ ಮುಖ ಮುಚ್ಚಿ ಮಾಡಬಹುದಾದ ಕೆಲಸ ನೂರಿವೆ,
ಇದೊಂದಕ್ಕೆ ಆಗದು.
ಮಾಸ್ಕಿನ ಪಟ್ಟಿ ಹಿಡಿದು ಕೂತೇ ಇದ್ದ.
ಮೀಟರು ನೋಡಿದ. ಆರುನೂರ ಹತ್ತು.
ನೋಡುತ್ತಿದ್ದಂತೆ ಐನೂರ ತೊಂಬತ್ತು.
ಇಳಿದರೆ ಲಾಭವೇ, ಅಂತ ಕೇಳಿದ.
ಹೌದು.
ನನ್ನ ಸರ್ವೀಸಿನಲ್ಲಿ, ನಿಂತ, ಉಸಿರೆಳೆದ,
ಇಂಥ ಪುಸ್ತಕ ನಾನು ಬರೆದಿಲ್ಲ.

ಆಗಲೇ ಬೋರಾ ನುಗ್ಗಿ
ಪಕ್ಕದ ಕೋಣೆಯಲ್ಲಿ ಕಾಗದವೆಲ್ಲ ಎದ್ದ ಸದ್ದು.
ಅವನ ಕೈ ಕುರ್ಚಿಯ ತೋಳು ಬಿಟ್ಟು ಅರ್ಧ ಮೇಲೇಳಿತು,
ಮತ್ತೆ ಮಲಗಿತು.

ಮಾಸ್ಕು ತೆಗೆದ.
ನಾನು ಕೊಳವೆಯನ್ನು ಕೆನ್ನೆಯ ಹತ್ತಿರ ತಂದೆ.
ಇನ್ನೂ ಅಗಲ, ಎಜಿದಿಯೊ, ಇನ್ನೂ ಸ್ವಲ್ಪ.